ಕಾಶಿವಾಕ್ಕೆ ಹೊತ್ತೊಯ್ದ ಕಸೀದಾ

ನವೆಂಬರ್ ತಿಂಗಳ ಕೊನೆಯ ಶನಿವಾರ ಬೆಳಗ್ಗೆ ಎಂಟಕ್ಕೆ ಯೋಕೋಹಾಮಾದ ತಮ್ಮನ ಮನೆಯಿಂದ ಹೊರಟೆ. ಕೈಚೀಲದಲ್ಲಿ ಪುಳಿಯೋಗರೆಯ ಡಬ್ಬಿಯಿತ್ತು, ಅದರ ಕೆಳಗೆ ನನ್ನ ಅನುವಾದದ ಕರಡು. ತಮ್ಮ ರಘು ಕಾರಿನ ಬಿಡಿಭಾಗ ಮಾಡುವ ಕಂಪನಿಯ ಎಂಜಿನಿಯರ್. ಶನಿವಾರವೂ ಅವನಿಗೆ ಏನೋ ಮೀಟಿಂಗು. ಹಾಗಾಗಿ ಅವನ ಮಗಳು, ಹದಿಮೂರು ವರ್ಷದ ನಿಧಿ, ನನ್ನ ಜೊತೆಗೆ ಬಂದಳು. ಸುಮಾರು ಅರವತ್ತು ಕಿಲೋಮೀಟರ್ ದೂರದ ಕಾಶಿವಾಕ್ಕೆ ಹೋಗಿ ಸಂಜೆಗೆ ವಾಪಸಾಗುವುದು ಎಂದು ಗೊತ್ತುಮಾಡಿದ್ದೆವು.

ಮೈಸೂರಿನ ನಿವೃತ್ತ ಕನ್ನಡ ಮೇಷ್ಟರಮ್ಮನಿಗೆ ಜಪಾನಿನಲ್ಲಿ ಅರಬ್ಬಿ ಕಾವ್ಯದ ಕೆಲಸವೇನು ಎಂದು ಎಲ್ಲರೂ ಕೇಳುತ್ತಾರೆ. ನನ್ನ ಯಜಮಾನರು ಮಸ್ಕತ್ತಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದರು. ಬಿಸಿಲಿಗೆ ಹೆದರಿ ಮನೆಯೊಳಗೇ ಇರುತ್ತಿದ್ದ ನಾನು ಪಕ್ಕದ ಮನೆಯ ಹಿರಿಯ ಹೆಂಗಸಿನಿಂದ ಅರಬ್ಬಿ ಕಲಿತೆ. ಮೊದಲು ಅಂಗಡಿಯ ಅರಬ್ಬಿ, ಆಮೇಲೆ ಪುಸ್ತಕದ ಅರಬ್ಬಿ, ಕೊನೆಗೆ ಕಸೀದಾ ಎಂಬ ಮರುಭೂಮಿಯ ಹಳೆಯ ದೀರ್ಘ ಕವಿತೆಗಳು. ಊರಿಗೆ ಬಂದ ಮೇಲೆ ಹನ್ನೆರಡು ವರ್ಷ ಕೂತು ಅಂಥ ಹತ್ತು ಕಸೀದಾಗಳನ್ನು ಭಾಮಿನಿ ಷಟ್ಪದಿಗೆ ತಂದೆ. ಸೋಮವಾರ ಪುಸ್ತಕ ಅಚ್ಚಿಗೆ ಹೋಗುವುದಿತ್ತು. ನಾನು ಫೋನಿನಲ್ಲಿ 'ಸರಿ' ಎಂದು ಬರೆದು ಕಳಿಸುವುದಷ್ಟೇ ಬಾಕಿ. ಅದಕ್ಕೆ ಮುಂಚೆ, ಇಂಥ ಕಾವ್ಯವನ್ನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಓದುತ್ತ ಬಂದಿರುವ ಕಾಶಿವಾದ ಗುಂಪೊಂದರ ಮುಂದೆ ಓದಿ, ಅವರ ಗುರುಗಳಿಂದ ಹಿಂಬದಿಯ ರಕ್ಷಾಪುಟಕ್ಕೆ ನಾಲ್ಕು ಒಳ್ಳೆಯ ಮಾತು ಪಡೆದು ಬರೋಣವೆಂದು ಹೊರಟಿದ್ದೆ. ಮೆಚ್ಚುತ್ತಾರೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅಕಿಹಾಬಾರಾದವರೆಗೆ ನೀಲಿ ಪಟ್ಟಿಯ ರೈಲು. ಮುಕ್ಕಾಲು ಗಂಟೆಯ ದಾರಿಯಲ್ಲಿ ಒಬ್ಬರೂ ಗಟ್ಟಿಯಾಗಿ ಮಾತಾಡಲಿಲ್ಲ. ಎಂಟೂವರೆಗೆ ನನಗೆ ಹಸಿವಾಯಿತು. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಇಂಗು ಮತ್ತು ಒಗ್ಗರಣೆಯ ವಾಸನೆ ಬೋಗಿಯನ್ನೆಲ್ಲ ಆವರಿಸಿತು. ಯಾರೂ ತಿರುಗಿ ನೋಡಲಿಲ್ಲ, ಆದರೆ ನಿಧಿಯ ಕಿವಿ ಕೆಂಪಾಯಿತು.

"ಅತ್ತೆ, ನಾಟ್ ಹಿಯರ್, ಪ್ಲೀಸ್," ಎಂದಳು ಮೆಲ್ಲಗೆ.

ಮುಚ್ಚಿಟ್ಟೆ. ನಿಧಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಕೋಪ ಬಂದರೆ ಜಪಾನಿಯಲ್ಲಿ. ನಾನು ಬಂದು ಹತ್ತು ದಿನವಾಗಿತ್ತು. 'ಅತ್ತೆ' ಎಂಬುದೊಂದನ್ನು ಬಿಟ್ಟರೆ, ನಾನಾಗಿ ಹೇಳಿಸದೆ ಅವಳ ಬಾಯಿಂದ ಒಂದು ಕನ್ನಡ ಪದವೂ ಬಂದಿರಲಿಲ್ಲ. ಅವಳ ಇಂಗ್ಲಿಷ್ ಮಾತುಗಳನ್ನು ಇನ್ನು ಮುಂದೆ ಹೆಚ್ಚಾಗಿ ನಾನೇ ಕನ್ನಡ ಮಾಡಿ ಕೊಡುತ್ತೇನೆ.

ಅಕಿಹಾಬಾರಾದಲ್ಲಿ ಎಸ್ಕಲೇಟರ್ ಮೇಲೆ ಎಸ್ಕಲೇಟರ್ ಇಳಿದು ನೆಲದಾಳಕ್ಕೆ ಹೋದರೆ ಕಾಶಿವಾದ ಕ್ಯಾಂಪಸ್ ಕಡೆಗೆ ಹೋಗುವ ವೇಗದ ರೈಲು. ಎರಡೂ ರೈಲಿಗೆ ಸೇರಿ ತಲೆಗೆ ಹತ್ತಿರ ಹತ್ತಿರ ಸಾವಿರದ ಮುನ್ನೂರು ಯೆನ್ ಆಯಿತು. ಅರ್ಧ ಗಂಟೆಯಲ್ಲಿ ಇಳಿದೆವು. ಬಿಸಿಲು ಚೆನ್ನಾಗಿತ್ತು, ಗಾಳಿ ಮಾತ್ರ ಮೂಗು ಕೊಯ್ಯುವಂಥದ್ದು. ನಿಲ್ದಾಣದ ಹೊರಗಿನ ಬೆಂಚಿನ ಮೇಲೆ ಕೂತು ಪುಳಿಯೋಗರೆ ತಿಂದೆವು. ನಿಧಿ ಕೊಂಬಿನಿಯಿಂದ, ಅಂದರೆ ಮೂಲೆಮೂಲೆಯಲ್ಲೂ ಇರುವ ಅಂಗಡಿಯಿಂದ, ಬಿಸಿ ಚಹಾದ ಬಾಟಲಿ ತಂದಳು. ಸಕ್ಕರೆಯೂ ಇಲ್ಲ, ಹಾಲೂ ಇಲ್ಲ. ಕೈ ಬೆಚ್ಚಗೆ ಮಾಡಿಕೊಳ್ಳಲು ಒಳ್ಳೆಯದು.

ಗುಂಪಿನ ಗುರುಗಳಾದ ಕುರೋಡಾ ಸಾನ್ ಅಲ್ಲಿಗೇ ಬಂದರು; ಸಾನ್ ಎಂದರೆ ನಮ್ಮ 'ಅವರು' ಇದ್ದಂತೆ. ಎಪ್ಪತ್ತು ದಾಟಿದ, ಸಣಕಲು ಮೈಯ ನಿವೃತ್ತ ಪ್ರಾಧ್ಯಾಪಕರು. ಮೂರು ವರ್ಷದ ಹಿಂದೆ ಒಂದು ಸಾಲಿನ ಅರ್ಥ ತೋಚದೆ ನಾನು ಅವರಿಗೆ ಪತ್ರ ಬರೆದಿದ್ದೆ. ಅಂದಿನಿಂದ ಪತ್ರದ ಸ್ನೇಹ. ಅವರಿಗೆ ಕನ್ನಡ ಬಾರದು, ನನಗೆ ಜಪಾನಿ ಬಾರದು. ಇಬ್ಬರೂ ಅರಬ್ಬಿಯಲ್ಲಿ ಮಾತಿಗಿಳಿದೆವು, ಅದೂ ಪುಸ್ತಕದ ಅರಬ್ಬಿ.

"ನೀವಿಬ್ಬರೂ ನ್ಯೂಸ್ ಓದೋ ಹಾಗೆ ಮಾತಾಡ್ತೀರಾ," ಎಂದಳು ನಿಧಿ.

ಇಪ್ಪತ್ತು ನಿಮಿಷದ ನಡಿಗೆ. ರಸ್ತೆಯ ಎರಡೂ ಬದಿ ಮರಗಳು ಹಳದಿಯಾಗಿದ್ದವು, ಎದುರಿಗೆ ಸಂಶೋಧನಾಲಯಗಳ ಬಿಳಿ ಕಟ್ಟಡಗಳು. ಇವರೇನು ಓದುತ್ತಾರೆ ಎಂದು ನಿಧಿ ಕೇಳಿದ್ದಕ್ಕೆ ನಡೆಯುತ್ತಲೇ ಪಾಠ ಶುರುಮಾಡಿದೆ. ಕವಿ ಮರಳುಗಾಡಿನಲ್ಲಿ ಹೋಗುತ್ತಿರುತ್ತಾನೆ. ಒಂದು ಕಾಲಕ್ಕೆ ಪ್ರೀತಿಸಿದವಳ ಬಳಗ ಡೇರೆ ಹಾಕಿದ್ದ ಜಾಗ ಸಿಗುತ್ತದೆ. ಅವರು ಎಂದೋ ಹೋಗಿಯಾಗಿದೆ, ಉಳಿದದ್ದು ಒಲೆಯ ಕಲ್ಲು, ಬೂದಿ. ಅಲ್ಲಿ ನಿಂತು ಅಳುತ್ತಾನೆ. ಅತ್ತು ಮುಗಿದ ಮೇಲೆ ಒಂಟೆ ಹತ್ತಿ ಹೊರಡುತ್ತಾನೆ, ದಾರಿಯ ಕಷ್ಟ ಹೇಳುತ್ತಾನೆ, ಒಂಟೆಯನ್ನು ಹೊಗಳುತ್ತಾನೆ. ಕೊನೆಗೆ ತನ್ನ ಕುಲವನ್ನೋ ಒಬ್ಬ ದೊರೆಯನ್ನೋ ಕೊಂಡಾಡುತ್ತಾನೆ, ಇಲ್ಲವೇ ವೈರಿಯ ಜನ್ಮ ಜಾಲಾಡುತ್ತಾನೆ. ಇದು ಹಳೆಯ ಕಸೀದಾದ ಹಾದಿ. ನೂರು ಸಾಲಿದ್ದರೂ ಒಂದೇ ಛಂದಸ್ಸು, ಪ್ರತಿ ದ್ವಿಪದಿಯ ಕೊನೆಯಲ್ಲೂ ಒಂದೇ ಪ್ರಾಸ.

"ಎಲ್ಲರೂ ಅದೇ ಒಲೆ ನೋಡಿ ಅಳ್ತಾರಾ?" ನಿಧಿ ಕೇಳಿದಳು.

"ಎಲ್ಲರೂ. ಯಾರು ಚೆನ್ನಾಗಿ ಅತ್ತರು ಅನ್ನೋದೇ ಸ್ಪರ್ಧೆ," ಎಂದೆ.

ಕುರೋಡಾ ಸಾನ್‌ಗೆ ಇದನ್ನು ಅರಬ್ಬಿಯಲ್ಲಿ ಹೇಳಿದಾಗ ನಕ್ಕು ಮುಂದುವರಿಸಿದರು. ಕವಿಗಳು ನಗರ ಸೇರಿದ ಮೇಲೆ ಒಲೆಯ ಕಲ್ಲನ್ನೇ ಗೇಲಿ ಮಾಡಿದರಂತೆ. ಮದ್ಯ, ಬೇಟೆ, ತೋಟ ಒಂದೊಂದೂ ಬೇರೆ ಕವಿತೆಯಾಯಿತು, ಪ್ರೇಮವೂ ಕಸೀದಾದಿಂದ ಕಳಚಿಕೊಂಡು ತನ್ನದೇ ಮನೆ ಮಾಡಿಕೊಂಡಿತು. ಆಸ್ಥಾನಗಳಲ್ಲಿ ಅಲಂಕಾರ ಅತಿಯಾಯಿತು. ಪಶ್ಚಿಮದ ಆಂದಲುಸ್ ನಾಡಿನಲ್ಲಿ, ಅಂದರೆ ಅರಬ್ಬರು ಆಳಿದ ಸ್ಪೇನಿನಲ್ಲಿ, ಒಂಟಿ ಪ್ರಾಸವನ್ನೂ ಮುರಿದು ಹಾಡಿಗೊಪ್ಪುವ ಚರಣಗಳನ್ನು ಕಟ್ಟಿದರು. ಇವರ ಗುಂಪು ಕಾಲದ ಕ್ರಮದಲ್ಲೇ ಓದುತ್ತ ಬಂದು ಈಗ ಆಂದಲುಸ್ ತಲುಪಿದೆ.

"ಮರುಭೂಮಿಯಲ್ಲೇ ಎಂಟು ವರ್ಷ ಕಳೆದೆವು. ತೋಟದ ಕವಿತೆ ಬಂದ ದಿನ ಹಿರಾತಾ ಸಾನ್ ಎಲ್ಲರಿಗೂ ಸಿಹಿ ಹಂಚಿದರು," ಎಂದರು.

ಆ ಹಿರಾತಾ ಸಾನ್ ಸಮುದಾಯ ಭವನದ ಬಾಗಿಲಲ್ಲೇ ಸಿಕ್ಕರು. ಎಣ್ಣೆ ವ್ಯಾಪಾರದ ಕಚೇರಿಯೊಂದರಲ್ಲಿ ಅರಬ್ಬಿ ಪತ್ರ ಬರೆಯುತ್ತಿದ್ದು ನಿವೃತ್ತರಾದವರು, ನನ್ನ ಓರಗೆಯವರು. ಚಪ್ಪಲಿ ಬಿಟ್ಟು ಒಳಗಿನ ಮೆಟ್ಟುಗಳಿಗೆ ಕಾಲು ತೂರಿಸಿದೆವು. ಉದ್ದನೆಯ ಮೇಜಿನ ಸುತ್ತ ಏಳು ಜನ, ಪ್ರತಿಯೊಬ್ಬರ ಮುಂದೆ ಒಂದು ಕಿತ್ತಳೆ. ಮೇಜಿನ ಮೇಲೆ ಪುಸ್ತಕವಿರಲಿಲ್ಲ. ಮೊದಲ ಸಲ ಕಿವಿಯಿಂದಷ್ಟೇ ಕೇಳಬೇಕು ಎಂಬುದು ಇವರ ನಿಯಮ.

ನಾನು ಮೊದಲು ಮೂಲವನ್ನು ಅರಬ್ಬಿಯಲ್ಲೇ ಓದಲು ಎದ್ದು ನಿಂತೆ. ಮೂರನೆಯ ದ್ವಿಪದಿಯ ಕೊನೆಗೆ ಬಂದಾಗ ಒಂದು ವಿಚಿತ್ರ ನಡೆಯಿತು. ನಾನು ಕೊನೆಯ ಪದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಏಳೂ ಜನ ಅದನ್ನು ಹೇಳಿಬಿಟ್ಟರು. ಮುಂದಿನ ದ್ವಿಪದಿಗೂ ಹಾಗೇ. ಇಪ್ಪತ್ತಾರು ವರ್ಷ ತರಗತಿ ನಡೆಸಿದವಳು ನಾನು. ಪಾಠದ ನಡುವೆ ಬಾಯಿ ಹಾಕಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಓದು ನಿಲ್ಲಿಸಿ ಕನ್ನಡಕದ ಮೇಲಿನಿಂದ ನೋಡಿದೆ. ಏಳು ತಲೆಗಳು ಒಟ್ಟಿಗೇ ಬಾಗಿದವು.

"ಕ್ಷಮಿಸಿ ವಿಮಲಾ ಸಾನ್," ಎಂದರು ಕುರೋಡಾ ಸಾನ್. "ಕೈರೋದಲ್ಲಿ ನನ್ನ ಗುರುಗಳ ಮನೆಯಲ್ಲಿ ಹೀಗೇ ಕೇಳುತ್ತಿದ್ದರು. ಮೊದಲ ಸಾಲಿನಲ್ಲೇ ಕವಿ ಪ್ರಾಸವನ್ನು ಕಿವಿಗೆ ಹಾಕುತ್ತಾನೆ. ಛಂದಸ್ಸು ಗೊತ್ತು, ಪ್ರಾಸ ಗೊತ್ತು, ಇನ್ನು ಪದ ತಾನೇ ಬಾಯಿಗೆ ಬರುತ್ತದೆ. ಕೇಳುವವರು ಹೇಳಿದರೆ ಕವಿಗೆ ಅದು ಮರ್ಯಾದೆ."

ಪಕ್ಕದವರು ಜಪಾನಿಯಲ್ಲಿ ಹೇಳಿದ್ದನ್ನು ಕೇಳಿ ನಿಧಿ ಅರಳಿದಳು. ಶಾಲೆಯಲ್ಲಿ ಅವಳು ಕರುತಾ ಆಡುತ್ತಾಳೆ. ಒಬ್ಬರು ಹಳೆಯ ಪದ್ಯದ ಮೊದಲ ಭಾಗ ಓದುತ್ತಿದ್ದಂತೆ ಉಳಿದ ಭಾಗ ಬರೆದಿರುವ ಚೀಟಿಯನ್ನು ಮೊದಲು ಹೊಡೆದು ಹಿಡಿಯುವ ಆಟ. "ಸೇಮ್ ಗೇಮ್," ಎಂದಳು.

ಮಸ್ಕತ್ತಿನ ಆ ಹಿರಿಯ ಹೆಂಗಸಿನ ಎದುರು ನಾನು ಒಬ್ಬಳೇ ಕೂತು ಕಲಿತವಳು. ತುಂಬಿದ ಮನೆಯಲ್ಲಿ ಕಸೀದಾ ಕೇಳಿದವಳಲ್ಲ. ಈ ಪದ್ಧತಿಯ ಬಗ್ಗೆ ಓದಿದ್ದೆ, ನಿಜ. ಓದಿ ಅಡಿಟಿಪ್ಪಣಿಗೆ ತಳ್ಳಿದ್ದೆ.

ಆಮೇಲೆ ಕನ್ನಡ. ಅರ್ಥವನ್ನು ಮೊದಲೇ ವಿವರಿಸಿ, ಧ್ವನಿ ಏರಿಸಿ ಶುರುಮಾಡಿದೆ:

ಕಲ್ಲು ಮೂರಿವೆ ಒಲೆಯ ಗುರುತಿಗೆ
ಎಲ್ಲಿ ಹೋಯಿತೊ ಜನದ ಜಂಗುಳಿ
ಬಲ್ಲುದಾದರೆ ಹೇಳು ಗಾಳಿಯೆ ಮರಳ ಹಾದಿಯನು

ಇಪ್ಪತ್ತು ಷಟ್ಪದಿ ಓದಿದೆ. ಭಾಮಿನಿಯ ನಡೆಗೆ ಎರಡು ತಲೆಗಳು ತೂಗಿದವು. ಮುಗಿದಾಗ ಬಾಗಿ ವಂದಿಸಿದರು, ಚಪ್ಪಾಳೆಯೂ ಬಂತು. ನಾನು ಕಿತ್ತಳೆ ಸುಲಿಯಲು ಕೂತೆ. ಆಗ ಅರಬ್ಬಿ ಬರೆದು ರೂಢಿಯಿದ್ದರೂ ಮಾತಾಡಲು ಸಂಕೋಚಪಡುವ ಹಿರಾತಾ ಸಾನ್ ಜಪಾನಿಯಲ್ಲಿ ಏನೋ ಕೇಳಿದರು, ನಿಧಿ ಅನುವಾದಿಸಿದಳು.

"ಅತ್ತೆ, ಸಾಲಿನ ಶುರುವಿನಲ್ಲಿ ಒಂದೇ ಸದ್ದು ಬರತ್ತೆ, ತುಂಬಾ ಚಂದ ಅಂತಿದಾರೆ. ಆದ್ರೆ ನಾವು ಎಲ್ಲಿ ಸೇರಿಕೊಳ್ಳೋದು ಅಂತ ಕೇಳ್ತಿದಾರೆ."

ನಾನು ಬಿಡಲಿಲ್ಲ. ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸವಿಡುವುದು ಕನ್ನಡದ ಸಾವಿರ ವರ್ಷದ ಹೆಮ್ಮೆ, ಅರಬ್ಬರ ಪ್ರಾಸ ಬಾಲದಲ್ಲಿದ್ದರೆ ನಮ್ಮದು ತಲೆಯಲ್ಲಿದೆ, ಅತಿಥಿಯಾಗಿ ಬಂದ ಕವಿತೆ ಮನೆಯವರ ಉಡುಪು ಉಡುವುದರಲ್ಲಿ ತಪ್ಪೇನು ಎಂದು ಅರಬ್ಬಿಯಲ್ಲಿ ಅರ್ಧ ಗಂಟೆ ವಾದಿಸಿದೆ. ಎಲ್ಲರೂ ತಲೆಯಾಡಿಸಿ ಬರೆದುಕೊಂಡರು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ನನ್ನ ಮನೆಯವರು ಹೇಳುವುದು ಸುಮ್ಮನೆ ಅಲ್ಲ. ಕುರೋಡಾ ಸಾನ್ ಬೀಳ್ಕೊಡುವಾಗ ರಕ್ಷಾಪುಟದ ಮಾತನ್ನು ಬರೆದ ಹಾಳೆ ಕೊಟ್ಟರು. ತುಂಬ ಔದಾರ್ಯದ ಮಾತುಗಳು. ಬಂದ ಕೆಲಸ ಆಗಿತ್ತು.

ನಾಲ್ಕಕ್ಕೆ ರೈಲು ಹತ್ತಿದೆವು, ಅಕಿಹಾಬಾರಾ ಮುಟ್ಟುವಾಗ ಕತ್ತಲಾಗುತ್ತಿತ್ತು. ಫೋನು ತೆಗೆದು ಪ್ರಕಾಶಕರಿಗೆ 'ಸರಿ' ಎಂದು ಟೈಪ್ ಮಾಡಿದೆ. ಕಳಿಸಲಿಲ್ಲ.

"ನಿನಗೆ ಕನ್ನಡದ್ದು ಹೇಗನ್ನಿಸ್ತು? ನಿಜ ಹೇಳು," ಎಂದೆ ನಿಧಿಗೆ.

ಅವಳು ಯೋಚಿಸಿ ಹೇಳಿದಳು: "ಚೆನ್ನಾಗಿರೋ ಸದ್ದು ಸಾಲು ಶುರು ಆಗುವಾಗ್ಲೇ ಬಂದು ಹೋಗಿಬಿಡತ್ತೆ. ಆಮೇಲೆ ನಾನು ಸುಮ್ನೆ ಕೂತಿರ್ತೀನಿ."

ಸಿಟ್ಟು ಬಂತು, ಯಾಕೆಂದರೆ ಅದು ಸರಿಯಾಗಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು, ಆದರೂ ಹೆತ್ತವಳಿಗೆ ಮಗುವಿನ ಹುಳುಕು ಗೊತ್ತಿರುತ್ತದೆ. ಆದಿಪ್ರಾಸ ಕೂಡಿಸಲು ನಾನು ಎಷ್ಟೋ ಕಡೆ ಒಂಟೆಯನ್ನು ಡೇರೆಗಿಂತ ಮೊದಲು ತಂದಿದ್ದೆ, ಮೂರು ದ್ವಿಪದಿ ಹೊಸೆದು ಒಂದು ಷಟ್ಪದಿ ಮಾಡಿದ್ದೆ, ಕೊನೆಯ ಪದಕ್ಕೆಂದೇ ಕವಿ ಕಟ್ಟಿದ್ದ ಸಾಲುಗಳ ಕೊನೆಯನ್ನು ಬೋಳಾಗಿಸಿದ್ದೆ. ನಮ್ಮ ಆದಿಪ್ರಾಸದಲ್ಲಿ ಕುಂದಿಲ್ಲ, ಅದು ಈ ಕೆಲಸಕ್ಕಲ್ಲ. ಕೇಳುವವರ ಪಾಲನ್ನು ಹನ್ನೆರಡು ವರ್ಷ ಕೂತು ನಾನೊಬ್ಬಳೇ ಉಂಡಿದ್ದೆ. ಟೋಕಿಯೋ ನಿಲ್ದಾಣ ದಾಟುವವರೆಗೆ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದೆ.

ಆದರೆ ಮರುಭೂಮಿಯ ಕವಿಯೂ ಹತ್ತು ಸಾಲಿಗಿಂತ ಹೆಚ್ಚು ಅಳುವುದಿಲ್ಲ. ಶಿನಾಗಾವಾದಲ್ಲಿ ಕೂರಲು ಜಾಗ ಸಿಕ್ಕಿತು. ಕುರೋಡಾ ಸಾನ್ ಕೊಟ್ಟ ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಗೀಚತೊಡಗಿದೆ. ಮೊದಲ ಸಾಲು ಐದು ನಿಮಿಷದಲ್ಲಿ ಬಂತು, ಎರಡನೆಯದು ಅದಕ್ಕಿಂತ ಬೇಗ. ಕವಾಸಾಕಿ ಬರುವಷ್ಟರಲ್ಲಿ ಮೂರು ಸಾಲಾಗಿತ್ತು. ನಿಧಿಯ ಕಿವಿಯ ಬಳಿ ಬಾಗಿ ಮೆಲ್ಲಗೆ ಓದಿದೆ:

ಒಲೆಯ ಮೂರು ಕಲ್ಲು ಉಳಿದು ಸುತ್ತ ಬರಿಯ ಮರಳು
ಡೇರೆ ಕಿತ್ತ ಜಾಗದಲ್ಲಿ ನನ್ನದೊಂದೆ ನೆರಳು
ಬೂದಿಯಲ್ಲಿ ಬೆಂಕಿ ಹುಡುಕಿ ಸುಟ್ಟುಕೊಂಡೆ

ಅಲ್ಲಿ ಉಸಿರು ತೆಗೆದುಕೊಳ್ಳಲು ನಿಂತೆ.

"ಬೆರಳು," ಎಂದಳು ನಿಧಿ.

ಗಟ್ಟಿಯಾಗಿಯೇ ಅಂದಳು. ಎದುರಿಗೆ ತೂಕಡಿಸುತ್ತಿದ್ದ ಕೋಟಿನ ಗೃಹಸ್ಥರು ಕಣ್ಣು ಬಿಟ್ಟರು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಅವರಿಗೆ "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಬಾಗಿದಳು, ಆಮೇಲೆ ನನ್ನ ಕಡೆ ತಿರುಗಿ ಸರಿಯೇ ಎಂಬಂತೆ ಹುಬ್ಬೇರಿಸಿದಳು. ಹೌದೆಂದು ತಲೆಯಾಡಿಸಿದೆ.

ಫೋನಿನಲ್ಲಿದ್ದ 'ಸರಿ'ಯನ್ನು ಅಳಿಸಿ, 'ಅಚ್ಚು ನಿಲ್ಲಿಸಿ, ಮತ್ತೆ ಬರೆಯುತ್ತೇನೆ' ಎಂದು ಕಳಿಸಿದೆ. ಮೈಸೂರಿನಲ್ಲಿ ಆಗಿನ್ನೂ ಮಧ್ಯಾಹ್ನ. ಪ್ರಕಾಶಕರು ತಕ್ಷಣ ಕೇಳಿದರು: 'ಹತ್ತೂ ಕಸೀದಾ?' ಹತ್ತೂ ಎಂದು ಉತ್ತರಿಸಿದೆ. ನನಗೀಗ ಅರವತ್ತೆರಡು. ಕೈ ಪಳಗಿದೆ, ಹನ್ನೆರಡು ವರ್ಷ ಬೇಕಾಗುವುದಿಲ್ಲ.

ನಿಧಿ ನನ್ನ ತೋಳಿನ ಮೇಲಿಂದ ಹಾಳೆಗೆ ಇಣುಕಿ, ಮೂರನೆಯ ಸಾಲಿನ ಕೆಳಗಿನ ಖಾಲಿ ಜಾಗದ ಮೇಲೆ ಬೆರಳಿಟ್ಟಳು.

"ಅದಿನ್ನೂ ಬರೆದಿಲ್ಲ ಕಣೇ," ಎಂದೆ.

"ಬರೀರಿ ಅತ್ತೆ. ಇನ್ನೂ ನಾಕು ಸ್ಟೇಷನ್ ಇದೆ," ಎಂದಳು, ಕನ್ನಡದಲ್ಲೇ.