ಕಮಲಾಕರಣ್ಣನ ಜಿಪಿಎಸ್

ಕಮಲಾಕರಣ್ಣನಂಥ ಗಿರಾಕಿ ವೈರಿಗೂ ಬೇಡ. ಶಿರಸಿಯಲ್ಲಿ ಬೈಕಿನ ಸಾಮಾನು ಮಾರುವ ನನ್ನ ಅಂಗಡಿಗೆ ಹದಿನೈದು ದಿನದಲ್ಲಿ ಆರು ಸಲ ಬಂದು ತಲೆ ತಿಂದರು. ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದ ಮನುಷ್ಯ. ಯಲ್ಲಾಪುರ, ಸಿದ್ದಾಪುರದ ದಾರಿಯ ಒಂದೊಂದು ಸ್ಟಾಪೂ ಅವರಿಗೆ ಬಾಯಿಪಾಠ. ನಿವೃತ್ತರಾದ ಮೇಲೆ ಹೆಂಡತಿ ರಾಜೀವಿಯಕ್ಕನನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲೇ ಗುಜರಾತಿನ ಕಛ್‌ವರೆಗೆ ಹೋಗುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಕಳೆದ ವರ್ಷ ರಾಜೀವಿಯಕ್ಕ ತೀರಿಕೊಂಡರು. ಈಗ ಇವರೊಬ್ಬರೇ ಹೊರಟಿದ್ದರು. ಅದಕ್ಕೇ ದಾರಿ ತೋರಿಸಲು ಜಿಪಿಎಸ್ ಬೇಕಿತ್ತು.

ಮೊದಲು ದೊಡ್ಡ ಪರದೆಯದ್ದು ಕೊಟ್ಟೆ. "ಬಿಸಿಲಿಗೆ ಎಂತದೂ ಕಾಣೂದಿಲ್ಲ" ಎಂದು ತಂದಿಟ್ಟರು. ಹ್ಯಾಂಡಲ್ಲಿಗೆ ಮೊಬೈಲ್ ಸಿಕ್ಕಿಸುವ ಸ್ಟ್ಯಾಂಡ್ ಹಾಕಿಕೊಟ್ಟೆ. ಹೆಗ್ಗರಣೆ ದಾಟಿದ್ದೇ ನೆಟ್‌ವರ್ಕ್ ಹೋಗಿ ಫೋನು ಮೂಕಾಯಿತಂತೆ, ಅದೂ ವಾಪಸ್. ಕೊನೆಗೆ ನೆಟ್‌ವರ್ಕ್ ಇಲ್ಲದೆಯೂ ಹೆಲ್ಮೆಟ್ಟಿನೊಳಗೆ ಕನ್ನಡದಲ್ಲಿ ದಾರಿ ಹೇಳುವ ದುಬಾರಿ ಮಾಲನ್ನೇ ಕೊಟ್ಟು, ಎರಡು ದಿನ ಓಡಿಸಿ ನೋಡಿ ಎಂದೆ. ಮೂರನೆಯ ದಿನ ಮಹಾರಾಯರು ಮತ್ತೆ ಹಾಜರ್.

"ಇದು ಸಾಕಾಗೂದಿಲ್ಲ ಮೊಯಿನಾ. ಇನ್ನೂ ಜಾಸ್ತಿ ಮಾತಾಡೂದು ಇದ್ಯಾ?"

ನನಗೆ ರೇಗಿತು. "ದಾರಿ ಹೇಳಲಿಕ್ಕೆ ಇರೋದು ಕಮಲಾಕರಣ್ಣ, ಹರಟೆ ಹೊಡೀಲಿಕ್ಕಲ್ಲ!"

ಯಂತ್ರದಲ್ಲೇ ಏನಾದರೂ ದೋಷವಿದೆಯೋ ನೋಡೋಣವೆಂದು ಅದನ್ನು ಚಾಲೂ ಮಾಡಿದೆ. ಹೋದ ದಾರಿಯನ್ನೆಲ್ಲ ಅದು ಗೆರೆ ಎಳೆದು ಇಟ್ಟುಕೊಳ್ಳುತ್ತದೆ. ಯಲ್ಲಾಪುರ ದಾರಿಯ ಸೋಂದಾ ಕ್ರಾಸಿನಲ್ಲಿ ಗೆರೆಯ ಮೇಲೆ ಗೆರೆ ಬಿದ್ದು ಗಂಟಾಗಿತ್ತು. ಹಿಗ್ಗಿಸಿ ಎಣಿಸಿದೆ. ಹದಿನಾರು ಸಲ ಅಲ್ಲೇ ಸುತ್ತಿದ್ದರು. ಎಷ್ಟೋ ಸಾವಿರ ಸಲ ಸೀಟಿ ಊದಿ ಬಸ್ಸು ನಿಲ್ಲಿಸಿದ ಜಾಗದಲ್ಲಿ!

"ಇದೆಂತದು? ಸೋಂದಾ ದಾರಿ ನಿಮಗೆ ಗೊತ್ತಿಲ್ವಾ?"

ಕಮಲಾಕರಣ್ಣ ಹೆಲ್ಮೆಟ್ಟಿನ ಪಟ್ಟಿ ಎಳೆಯುತ್ತ ನಿಂತರು. "ಸರಿ ಹೋದ್ರೆ ಅದು ಸುಮ್ಮನಿರ್ತದೆ ಮಾರಾಯಾ. ತಪ್ಪಿದ್ರೆ ಮಾತ್ರ ಮಾತಾಡ್ತದೆ. ಹಿಂದೆ ತಿರುಗಿ, ಎಡಕ್ಕೆ ಬನ್ನಿ ಅಂತದೆ. ಎಷ್ಟು ಸಲ ತಪ್ಪಿದ್ರೂ ಸಿಟ್ಟೇ ಮಾಡೂದಿಲ್ಲ. ಮನೇಲಿ ಬನ್ನಿ ಅನ್ನೋರು ಯಾರಿದಾರೆ ಹೇಳು."

ಛೇ, ಇಂಥವರ ಮೇಲೆ ರೇಗಿದೆನಲ್ಲ ಎಂದು ನನ್ನ ಮೇಲೆಯೇ ಹೇಸಿಗೆಯಾಯಿತು. ಕೂತ್ಕಳಿ, ಚಾ ತರಿಸ್ತೇನೆ ಎಂದೆ. ಅವರು ಕೂರಲಿಲ್ಲ.

"ಕಛ್ ಹತ್ರ ರಸ್ತೆ ಗೆರೆ ಎಳ್ದಂಗೆ ನೆಟ್ಟಗಂತೆ. ಗಂಟೆಗಟ್ಲೆ ಹೋದ್ರೂ ತಪ್ಪಲಿಕ್ಕೆ ಒಂದು ತಿರುವಿಲ್ವಂತೆ. ಅಲ್ಲಿ ಇದು ಎಂತ ಹೇಳ್ತದೆ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಎಂತದೂ ಹೇಳೂದಿಲ್ಲ" ಎಂದೆ.

ನನ್ನ ಕೈಯಿಂದ ಯಂತ್ರವನ್ನು ತೆಗೆದುಕೊಂಡರು.

"ಹಾಗಾದ್ರೆ ಕಛ್ ಬ್ಯಾಡ ಬಿಡು" ಎಂದು ಹೆಲ್ಮೆಟ್ ಹಾಕಿಕೊಂಡರು. ಜಿಪಿಎಸ್ ಮಾತ್ರ ವಾಪಸ್ ಕೊಡಲಿಲ್ಲ.