ತೂಗಿ ಹಾಕಿದ ಪಲ್ಯ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಪುಟ್ಟದೊಂದು ತೂಕದ ಮೆಷಿನ್ ಇದೆ. ಯಾರು ಬಂದರೂ ಈಗ ಅದನ್ನು ಎತ್ತಿಡುವುದಿಲ್ಲ. ಬೇಕಾದವರು ನೋಡಲಿ.

ಮೊದಲು ಹೀಗಿರಲಿಲ್ಲ. ನಮ್ಮ ಕಡೆ ಸೊಸೆಯಾದವಳಿಗೆ ‘ಅತ್ತೆಗೆ ಲೆಕ್ಕ ಹಾಕಿ ಬಡಿಸ್ತಾಳಂತೆ’ ಅನ್ನುವುದಕ್ಕಿಂತ ದೊಡ್ಡ ಬೈಗುಳವಿಲ್ಲ. ಆ ಮಾತು ನನ್ನ ಮೇಲೇ ಬಂತು. ಸುಳ್ಳು ಎನ್ನುವ ಹಾಗೂ ಇರಲಿಲ್ಲ.

ಅತ್ತೆಗೆ ಶುಗರ್, ಮೈ ಭಾರ, ಮಂಡಿ ಬೇರೆ ಸವೆದಿತ್ತು. ಮನೆಯ ಹಿಂದೆಯೇ ಇರುವ ತೆಂಗಿನ ತೋಟಕ್ಕೂ ಹೋಗಲಾರದೆ ಹಿತ್ತಿಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ತೂಕ ಇಳಿಸದಿದ್ದರೆ ಇವರು ಹಾಸಿಗೆ ಹಿಡಿಯುತ್ತಾರೆ ಎಂದು ಅರಸೀಕೆರೆಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಇಡೀ ತೋಟವನ್ನು ಒಬ್ಬರೇ ಓಡಾಡಿ ನೋಡಿಕೊಂಡ ಹೆಂಗಸು. ಅವರನ್ನು ಹಾಸಿಗೆಯಲ್ಲಿ ನೋಡುವ ಧೈರ್ಯ ನನಗಿರಲಿಲ್ಲ. ಅವತ್ತೇ ಏರ್ ಫ್ರೈಯರ್ ತಂದೆ, ಜೊತೆಗೆ ಈ ಮೆಷಿನ್.

ತೊಂಡೆಕಾಯಿಯೋ ಬೆಂಡೆಕಾಯಿಯೋ ಹೆಚ್ಚಿ, ಒಂದು ಚಮಚ ಎಣ್ಣೆ ಸವರಿ ಫ್ರೈಯರಿನಲ್ಲಿ ಇಟ್ಟರೆ ಬರೀ ಬಿಸಿಗಾಳಿಗೇ ಗರಿಗರಿಯಾಗಿ ಬರುತ್ತಿತ್ತು. ತರಕಾರಿಗೆ ಎಷ್ಟು ಕ್ಯಾಲರಿ, ಎಣ್ಣೆಗೆ ಎಷ್ಟು, ಮುದ್ದೆಗೆ ಎಷ್ಟು ಎಂದು ಮೊಬೈಲ್ ನೋಡಿ ಕೂಡುತ್ತಿದ್ದೆ. ಅತ್ತೆ ಮುಖ ಊದಿಸಿಕೊಂಡೇ ತಿನ್ನುತ್ತಿದ್ದರು. ಒಂದು ದಿನ ಬೇಲೂರಿನಿಂದ ಬಂದ ಅವರ ತಂಗಿ, ನಮ್ಮ ಚಿಕ್ಕತ್ತೆ, ಮೆಷಿನ್ ಮೇಲಿದ್ದ ತಟ್ಟೆ ನೋಡಿಬಿಟ್ಟರು. ಆಮೇಲೆ ಕೇಳಬೇಕೆ? ಹಳೇಬೀಡಿನ ನೆಂಟರಿಂದಲೂ ಫೋನ್ ಬಂತು. ಮೈಯೆಲ್ಲ ಉರಿದುಹೋಯಿತು. ಆದರೂ ಅಂದಿನಿಂದ ಯಾರಾದರೂ ಬಂದರೆ ಮೆಷಿನನ್ನು ಅಕ್ಕಿ ಡಬ್ಬದ ಹಿಂದೆ ತಳ್ಳುತ್ತಿದ್ದೆ.

ಇಷ್ಟೆಲ್ಲ ಅನ್ನಿಸಿಕೊಂಡರೂ ಅತ್ತೆಯ ತೂಕ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಒಂದು ಮಧ್ಯಾಹ್ನ ಪಲ್ಯ ತೆಗೆದು, ಎಂದಿನಂತೆ ಮೇಲೆ ಒಂದು ಹಿಡಿ ಕಾಯಿತುರಿ ಉದುರಿಸುತ್ತಿದ್ದೆ. ಕೈ ಅಲ್ಲೇ ನಿಂತಿತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಕಾಯಿಯನ್ನು ಒಂದು ದಿನವೂ ತೂಗಿರಲಿಲ್ಲ. ತೆಂಗು ಬೆಳೆಯುವ ಮನೆಯಲ್ಲಿ ಕಾಯಿಯನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಉಪ್ಪಿನ ಹಾಗೆ ಅದು ಇದ್ದೇ ಇರುತ್ತದೆ. ಇನ್ನೊಂದು ಹಿಡಿ ತೆಗೆದು ತೂಗಿದೆ. ತರಕಾರಿ, ಎಣ್ಣೆ ಎರಡೂ ಸೇರಿದರೂ ಅದರ ಕ್ಯಾಲರಿಯ ಸಮಕ್ಕೆ ಬರಲಿಲ್ಲ.

ಹೋಗಿ ಅತ್ತೆಗೆ ಹೇಳಿದೆ. ಅವರಿಗೆ ಎಲ್ಲಿತ್ತೋ ಕೋಪ.

“ಕಾಯಿ ಮಾರೋವಾಗ ಎಣಿಸ್ತೀವಿ ಕಣೇ. ತಿನ್ನೋವಾಗ ಎಣಿಸಿದ್ದು ಈ ಮನೇಲಿ ಯಾವತ್ತೂ ಇಲ್ಲ.”

ನನಗೂ ರೇಗಿತು. “ಹಾಗಾದ್ರೆ ಆ ಕುರ್ಚೀಲೇ ಕೂತಿರಿ ಅತ್ತೆ. ತೋಟ ನಾನು ನೋಡ್ಕೋತೀನಿ,” ಎಂದುಬಿಟ್ಟೆ.

ಆ ಹೊತ್ತು ಅವರು ಉಣ್ಣಲಿಲ್ಲ. ಮಾರನೆಯ ದಿನ ತಾವಾಗಿಯೇ ಗೋಡೆ ಹಿಡಿದು ಅಡುಗೆಮನೆಗೆ ಬಂದರು. ಡಬ್ಬದ ಹಿಂದಿನಿಂದ ಮೆಷಿನ್ ಎಳೆದು, ಒಂದೇ ಒಂದು ಚಮಚ ಕಾಯಿತುರಿಯನ್ನು ಅದರ ಮೇಲಿಟ್ಟು, ಎಷ್ಟಾಯಿತು ಎಂದು ಕೇಳಿದರು. ಹೇಳಿದೆ. ಆಮೇಲೆ ಆ ಚಮಚ ದಾಟಲಿಲ್ಲ. ಛಲ ಅಂದರೆ ನಮ್ಮ ಅತ್ತೆಯದು. ತೂಕ ಮೆಲ್ಲಗೆ ಇಳಿಯತೊಡಗಿತು. ಮೊದಲು ಬಾವಿಯವರೆಗೆ ನಡೆದರು, ಆಮೇಲೆ ತೋಟದ ಮೊದಲ ಸಾಲಿನವರೆಗೆ.

ಈ ವರ್ಷ ಚಿಕ್ಕತ್ತೆಯ ಮೊಮ್ಮಗಳ ನಾಮಕರಣ ಬೇಲೂರಿನ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಊಟದ ಹಾಲ್ ಮಹಡಿಯ ಮೇಲೆ. ಅತ್ತೆ ನನ್ನ ಕೈ ಬೇಡವೆಂದು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಎಲೆಗೆ ಕಾಯಿ ಹೋಳಿಗೆ ಬಂತು. ಚಿಕ್ಕತ್ತೆ ಎದುರಿಗೇ ನಿಂತು, ಇಲ್ಲಾದರೂ ಹೊಟ್ಟೆ ತುಂಬ ತಿನ್ನಕ್ಕ, ಇಲ್ಲಿ ಯಾರೂ ತೂಗಲ್ಲ ಎಂದರು. ಪಂಕ್ತಿಯಲ್ಲಿ ಒಂದಿಬ್ಬರು ನಕ್ಕರು. ನಾನು ತಲೆ ತಗ್ಗಿಸಿದೆ.

“ನನ್ ಸೊಸೆ ತೂಗೇ ಹಾಕ್ತಾಳೆ ಕಣೇ,” ಎಂದರು ಅತ್ತೆ, ಎಲ್ಲರಿಗೂ ಕೇಳುವ ಹಾಗೆ. “ಅವಳು ತೂಗಿದ್ದಕ್ಕೇ ಇವತ್ತು ನಿನ್ ಮೆಟ್ಲು ಹತ್ತಿ ಬಂದಿದೀನಿ.”

ಪದವಿ ಪತ್ರ ಕೈಗೆ ಬಂದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ಅತ್ತೆ ಹೋಳಿಗೆಯನ್ನು ಅರ್ಧ ಮುರಿದು ಕೈಯಲ್ಲಿ ಹಿಡಿದು, ಇದು ಎಷ್ಟಾಗುತ್ತದೆ ಎಂದು ನನ್ನನ್ನು ಕೇಳಿದರು. ಪಂಕ್ತಿಗೆ ಪಂಕ್ತಿಯೇ ನನ್ನ ಕಡೆ ತಿರುಗಿತು. ನಾನು ತಲೆಯೆತ್ತಿ, ಚಿಕ್ಕತ್ತೆಗೂ ಕೇಳುವಷ್ಟು ಗಟ್ಟಿಯಾಗಿ, ನೂರೈವತ್ತು ಕ್ಯಾಲರಿ ಎಂದೆ.