ಹೆಬ್ಬೆಟ್ಟು ಒತ್ತುವ ಮೊದಲು ಬರುವ ರಾಧಾಬಾಯಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪುಣೆಯ ರೈಲು ಯಾರ್ಡಿನ ಕಡೆಯಿಂದ ಡಬ್ಬಿಗೆ ಡಬ್ಬಿ ತಾಗುವ ಸದ್ದು ಕೇಳಿಬರುತ್ತಿದೆ. ಆಸ್ಪತ್ರೆಯ ಹಿಂದಿನ ಗೇಟಿನ ಬಳಿ, ಗೋಡೆಗೆ ಬೆನ್ನು ಕೊಟ್ಟು, ತಲೆಯ ತುಂಬ ಸೆರಗು ಹೊದ್ದು ರಾಧಾಬಾಯಿ ನಿಂತಿದ್ದಾರೆ. ಹಿಂದೆ ಒಂದು ಸೈಕಲ್ಲು ಬಂದು ನಿಲ್ಲುತ್ತದೆ. ರಾಧಾಬಾಯಿ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ತಿರುಗಿ ನೋಡುವ ಧೈರ್ಯವಿಲ್ಲ. ಹಾಲಿನ ಕ್ಯಾನು ಕೆಳಗಿಟ್ಟ ಸದ್ದು ಕೇಳಿದ ಮೇಲೆಯೇ ಅವರ ಭುಜ ಸಡಿಲವಾಗುತ್ತದೆ.

"ಗೌಳ್ಯಾ," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. "ಗೌಳ್ಯಾ ಅಷ್ಟ."

ಬೆಚ್ಚುವುದಕ್ಕೆ ಕಾರಣವಿದೆ. ರೈಲ್ವೆ ಕಂಪನಿಯ ಬಾಬು ಬರುವುದು ಸೈಕಲ್ಲಿನ ಮೇಲೆ. ಅವನ ಚೀಲದಲ್ಲಿ ಮೊದಲೇ ಬರೆದು ತಂದ ಕಾಗದವಿರುತ್ತದೆ, ಮಸಿಯ ಪ್ಯಾಡು ಇರುತ್ತದೆ. ಹಳಿಯ ಮೇಲೆ ಕೈಯನ್ನೋ ಕಾಲನ್ನೋ ಕಳೆದುಕೊಂಡ ಕೂಲಿಯವನು ಜ್ವರದ ಮಂಪರಿನಲ್ಲಿ ಏನು ಎತ್ತ ಎಂದು ಕೇಳುವುದರೊಳಗೆ ಅವನ ಹೆಬ್ಬೆಟ್ಟು ಅದರ ಮೇಲೆ ಬಿದ್ದಿರುತ್ತದೆ. ತಪ್ಪೆಲ್ಲ ತನ್ನದೇ ಎಂದು ಆ ಕಾಗದ ಹೇಳುತ್ತದೆ. ಆಮೇಲೆ ಯಾವ ವಕೀಲರ ಬಾಗಿಲು ಬಡಿದರೂ ಕೆಲಸ ಕಠಿಣ. ಬಾಬುವಿಗಿಂತ ಮೊದಲು ಆ ಕೂಲಿಯವನ ಮನೆಯವರನ್ನು ತಲುಪಬೇಕು. ರಾಧಾಬಾಯಿ ದಿನಾ ಬೆಳಗ್ಗೆ ಇಲ್ಲಿ ನಿಲ್ಲುವುದು ಅದಕ್ಕೇ.

ಗಂಜಿಯ ತಂಬಿಗೆಯನ್ನು ಎದೆಗವಚಿಕೊಂಡು ಎಳೆಯ ಹೆಂಗಸೊಬ್ಬಳು ಓಡೋಡಿ ಬರುತ್ತಾಳೆ. ಕಾಲಲ್ಲಿ ಚಪ್ಪಲಿಯಿಲ್ಲ. ರಾಧಾಬಾಯಿ ಅವಳ ತೋಳು ಹಿಡಿದು ನಿಲ್ಲಿಸುತ್ತಾರೆ.

"ನಿನ್ನೆ ಡಬ್ಬಿ ನಡುವ ಕೈ ಸಿಕ್ಕಿದ್ದು ನಿನ್ನ ಗಂಡನದೇನು ತಂಗಿ?"

"ಹೌದ್ರಿ ಯವ್ವಾ. ಸಾಯ್ತಾನೇನ್ರಿ?"

"ಸಾಯಂಗಿಲ್ಲ, ಡಾಕ್ಟರ್ ಸಾಹೇಬರು ನೋಡ್ಯಾರ. ಆದ್ರ ನಾ ಹೇಳೂದು ಕೇಳು. ಯಾರರ ಬಂದು ಕಾಗದ ಮುಂದ ಹಿಡಿದ್ರ, ವಕೀಲರ ಕಡೆ ಓದಿಸಿ ಕೇಳೂತನಾ ಹೆಬ್ಬಟ್ಟು ಒತ್ತಬ್ಯಾಡ ಅಂತ ನಿನ್ನ ಗಂಡಗ ಹೇಳು."

"ಸಾಹೇಬ್ರು ಸಿಟ್ಟಿಗೆದ್ರ?"

"ಏಳ್ತಾರ. ಎದ್ದರ ನೀ ಅಳು. ಜೋರಾಗಿ ಅಳು. ಅಳೂ ಹೆಂಗಸಿನ ಮುಂದ ಅವರು ಭಾಳ ಹೊತ್ತು ನಿಲ್ಲಂಗಿಲ್ಲ."

ಗೇಟಿನ ಕಾವಲುಗಾರ ಯಾರು ನೀವು ಎಂದು ಮರಾಠಿಯಲ್ಲಿ ಕೇಳುತ್ತಾನೆ. "ಇವಳ ಮಾವಶಿ, ಅವ್ವನ ತಂಗಿ," ಎನ್ನುತ್ತಾರೆ ರಾಧಾಬಾಯಿ. ಹೋದ ವಾರ ಇನ್ನೊಬ್ಬಳ ಮಾವಶಿಯಾಗಿ ಒಳಗೆ ಹೋಗಿದ್ದು ಅವನಿಗೆ ನೆನಪಿದೆ. ಆದರೂ ಮುಖ ಆಚೆ ತಿರುಗಿಸಿಕೊಂಡು ದಾರಿ ಬಿಡುತ್ತಾನೆ. ಈ ವಾರ್ಡುಗಳಲ್ಲೇ ಎಷ್ಟೋ ವರ್ಷ ಆಯಾ ಆಗಿ ದುಡಿದ ರಾಧಾಬಾಯಿ, ಈಗ ಯಾರದೋ ಮಾವಶಿಯಾಗಿ, ತಲೆ ತಗ್ಗಿಸಿಕೊಂಡು ಅದೇ ಮೆಟ್ಟಿಲು ಹತ್ತುತ್ತಾರೆ.

ಅವರ ತವರು ಧಾರವಾಡದ ಕಡೆಯ ನವಲಗುಂದ. ಗಂಡ ಪುಣೆಯ ಬುಧವಾರ ಪೇಠೆಯ ಖಾನಾವಳಿಯೊಂದರಲ್ಲಿ ಅಡುಗೆಯವನಾಗಿದ್ದ. ಮಹಾಯುದ್ಧ ಮುಗಿಯುವ ಹೊತ್ತಿಗೆ ಊರೆಲ್ಲ ಹಬ್ಬಿದ ಇನ್‌ಫ್ಲುಯೆಂಜಾ ಜ್ವರ ಅವನನ್ನು ಎತ್ತಿಕೊಂಡು ಹೋಯಿತು. ಕಂಕುಳಲ್ಲಿ ಕೂಸು ಇಂದೂ. ಹದಿಮೂರು ದಿನ ಕಳೆಯುವುದರೊಳಗೆ ಖಾನಾವಳಿಯ ಮಾಲೀಕ ಕೋಣೆ ಖಾಲಿ ಮಾಡಿಸಿದ. "ಅಲ್ಲಿ ಊಟ ಮಾಡೂ ಮಂದಿ ಎಲ್ಲಾ ನಮ್ಮ ಕಡೆಯವರ ಇದ್ರು. ಯಾರೂ ಬಾಯಿ ಬಿಡಲಿಲ್ಲ," ಎಂದು ರಾಧಾಬಾಯಿ ನೆನೆಯುತ್ತಾರೆ. "ಕೆಟ್ಟವರಲ್ರಿ ಅವರು. ಅಂಜಿದ್ರು ಅಷ್ಟ."

ಆಮೇಲೆ ಆಸ್ಪತ್ರೆಯ ಕೆಲಸ. ಬ್ಯಾಂಡೇಜು ಒಗೆಯುವುದು, ಗಾಯಕ್ಕೆ ನೀರು ಹಿಡಿಯುವುದು, ರಾತ್ರಿಯೆಲ್ಲ ನರಳುವವರ ಬಾಯಿಗೆ ಹನಿ ನೀರು ಬಿಡುವುದು. ವಿಜಾಪುರ, ಗದಗಿನ ಕಡೆಯಿಂದ ಹಳಿಯ ಕೆಲಸಕ್ಕೆ ಬಂದವರು ಅಲ್ಲಿ ಬಂದು ಬೀಳುತ್ತಿದ್ದರು. ಅವರಿಗೆ ಮರಾಠಿ ಬಾರದು, ಡಾಕ್ಟರಿಗೆ ಕನ್ನಡ ಬಾರದು. ನಡುವೆ ರಾಧಾಬಾಯಿ. ಇಂದೂ ದೊಡ್ಡವಳಾದಳು. ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಶ್ಯಾಮನಿಗೆ ಕೊಟ್ಟು ಮದುವೆಯಾಯಿತು. ಅಳಿಯನಿಗೆ ಘೋರ್ಪಡಿಯಲ್ಲಿ ರೈಲ್ವೆಯ ಕ್ವಾರ್ಟರ್ ಸಿಕ್ಕಿತು. ರಾಧಾಬಾಯಿಗೂ ಅಲ್ಲೇ ಒಂದು ಮೂಲೆ. ಇನ್ನು ಯಾರೂ ಕೋಣೆ ಖಾಲಿ ಮಾಡಿಸುವುದಿಲ್ಲ ಎಂದು ಅವರು ನಂಬಿದ್ದರು.

ಎರಡು ವರ್ಷದ ಹಿಂದಿನ ಒಂದು ಮಳೆಗಾಲದಲ್ಲಿ ಆ ನಂಬಿಕೆ ಮುರಿಯಿತು.

ವಿಜಾಪುರದ ಕಡೆಯ ಮಾರ್ತಾಂಡಪ್ಪ ಯಾರ್ಡಿನಲ್ಲಿ ಹಳಿಯ ನಡುವಿನ ಕೆಸರು ತೆಗೆಯುತ್ತಿದ್ದ. ಮಳೆಯ ಸದ್ದಿನಲ್ಲಿ ಹಿಂದಿನಿಂದ ಡಬ್ಬಿಗಳು ಸರಿದು ಬಂದದ್ದು ಅವನಿಗೆ ತಿಳಿಯಲಿಲ್ಲ. ಎಡಗಾಲು ಮೊಣಕಾಲಿನಿಂದ ಹೋಯಿತು. ಮೂರನೆಯ ದಿನ ಬಾಬು ಬಂದು ಮಂಚದ ಕಾಲ ಬಳಿ ನಿಂತ. ಜೊತೆಗೆ ಅರ್ಧಂಬರ್ಧ ಕನ್ನಡ ಬರುವ ಒಬ್ಬ ಕಚೇರಿ ಸಿಪಾಯಿ. ಅದೇ ಹೊತ್ತಿಗೆ ಗಾಯದ ಪಟ್ಟಿ ಬಿಚ್ಚುವ ಕೆಲಸ ನಡೆದಿತ್ತು. ಅಂಟಿಕೊಂಡ ಬಟ್ಟೆಯ ಮೇಲೆ ರಾಧಾಬಾಯಿ ಬಿಸಿನೀರು ಹನಿಸುತ್ತಿದ್ದರು. ಕೂಲಿಗಳ ಮೇಲ್ವಿಚಾರಕ ಮುಕಾದಮ ನಿನಗೆ ನಿಲ್ಲು ಅಂದನೋ ಇಲ್ಲವೋ ಎಂದು ಬಾಬು ಕೇಳುತ್ತಲೇ ಇದ್ದ. ಪಟ್ಟಿ ಕಟ್ಟುವವನು ಬಟ್ಟೆಯನ್ನು ಎಳೆದ. ಮಾರ್ತಾಂಡಪ್ಪ ಕಿರುಚಿದ: "ತಡೀವಲ್ಲೆ! ನಾ ತಡೀವಲ್ಲೆ!"

ನೋವು ತಡೆಯಲಾರೆ ಎಂದು ಅವನ ಕೂಗು. ತಡೆ ಎಂದರೆ ನಿಲ್ಲು, ವಲ್ಲೆ ಎಂದರೆ ಒಲ್ಲೆ ಎಂದು ಸಿಪಾಯಿಯ ಲೆಕ್ಕ. ನಿಲ್ಲು ಅಂದಾಗ ನಾನು ನಿಲ್ಲುವುದಿಲ್ಲ ಅಂದೆ ಎನ್ನುತ್ತಿದ್ದಾನೆ ಎಂದು ಸಿಪಾಯಿ ಹೇಳಿದ, ಬಾಬು ಹಾಗೆಯೇ ಬರೆದುಕೊಂಡ. ಪ್ರಜ್ಞೆ ತಪ್ಪುತ್ತಿದ್ದವನ ಹೆಬ್ಬೆರಳಿಗೆ ಮಸಿ ಹತ್ತಿತು. ಕಾಯಿದೆಯ ಪ್ರಕಾರ, ಜೀವ ಕಾಯುವ ಅಪ್ಪಣೆಯನ್ನು ಬೇಕೆಂದೇ ಮೀರಿ ಗಾಯಗೊಂಡವನಿಗೆ ಪರಿಹಾರವಿಲ್ಲ. ರಾಧಾಬಾಯಿಗೆ ಆಗ ಕಾಯಿದೆ ತಿಳಿಯದು. ಆದರೆ ಏನೋ ಆಗಬಾರದ್ದು ಆಯಿತೆಂದು ತಿಳಿಯಿತು. ಅವರು ಏನೂ ಹೇಳಲಿಲ್ಲ. ನೀರಿನ ಬೋಗುಣಿ ಹಿಡಿದು ಹೊರಗೆ ಹೋದರು.

ವಾರ ಕಳೆಯಿತು. ಬ್ಯಾಂಡೇಜು ಒಗೆಯುವ ಕಲ್ಲಿನ ಬಳಿ ಮಾರ್ತಾಂಡಪ್ಪನ ಹೆಂಡತಿ ಅಂಬವ್ವ ಬಂದು ಕುಕ್ಕರುಗಾಲಲ್ಲಿ ಕೂತಳು. ಹೊಸ ಆಳು ಬರುತ್ತಾನೆ, ಕಂಪನಿಯ ಗುಡಿಸಲು ಬಿಡಿ ಎಂದು ಅವಳಿಗೆ ಹೇಳಿಯಾಗಿತ್ತು. "ಒಂಟಿ ಕಾಲಿನಂವನ್ನ ಕರಕೊಂಡು ಎಲ್ಲಿ ಹೋಗಲಿ ಯವ್ವಾ?" ಎಂದಳು. ಅಷ್ಟೇ. ಅಳಲಿಲ್ಲ. ರಾಧಾಬಾಯಿ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತಲೇ ಇದ್ದರು. ನೀರೆಲ್ಲ ಹೋದ ಮೇಲೂ ಹಿಂಡುತ್ತಿದ್ದರು.

ಮರುದಿನ ಅವರೇ ಅಂಬವ್ವನನ್ನು ಕರೆದುಕೊಂಡು ವಕೀಲ ಬಿಂದುಮಾಧವರಾಯರ ಮನೆಗೆ ಹೋದರು. ಬೆಳಗಾವಿಯ ಕಡೆಯ ರಾಯರು ಶನಿವಾರ ಪೇಠೆಯಲ್ಲಿ ವಕೀಲಿ ಮಾಡುತ್ತಾರೆ. ಹಳಿಯ ಮೇಲೆ ಪೆಟ್ಟು ತಿಂದವರ ಮೊಕದ್ದಮೆಗಳನ್ನು ಬೇರೆಯವರು ಒಲ್ಲೆನೆಂದ ಮೇಲೂ ಹಿಡಿಯುವವರು. ಎಲ್ಲ ಕೇಳಿ ಬರೆದುಕೊಂಡು ಲೇಖನಿ ಕೆಳಗಿಟ್ಟರು.

"ರಾಧಾಬಾಯಿ, ನೀವು ಕಂಡದ್ದು ಜಡ್ಜರ ಮುಂದ ಹೇಳಬೇಕಾಗ್ತದ. ನಾ ಒತ್ತಾಯ ಮಾಡಂಗಿಲ್ಲ. ಮನಿಯಾಗ ಕೇಳಿಕೊಂಡು ಬರ್ರಿ."

ಮನೆಯಲ್ಲಿ ಕೇಳುವ ಮೊದಲೇ ಸುದ್ದಿ ಹರಡಿತ್ತು. ವಾರ್ಡಿನ ವರಾಂಡದಲ್ಲಿ ಬಾಬು ಎದುರಾದ. ಬೈಯಲಿಲ್ಲ, ದನಿ ಎತ್ತಲಿಲ್ಲ. "ನಿಮ್ಮ ಅಳಿಯ ಫೈರ್‌ಮನ್ ಅಲ್ಲವೇ? ಒಳ್ಳೆಯ ಹುಡುಗ. ಕ್ವಾರ್ಟರ್ ಕೂಡ ಸಿಕ್ಕಿದೆ," ಎಂದು ಮರಾಠಿಯಲ್ಲಿ ನಯವಾಗಿ ಹೇಳಿ ಹೋದ. "ಬೈದಿದ್ರ ಇಷ್ಟು ಅಂಜತಿರಲಿಲ್ರಿ," ಎನ್ನುತ್ತಾರೆ ರಾಧಾಬಾಯಿ. "ಆತ ನಕ್ಕೋತ ಹೇಳಿದ. ಆ ನಗಿ ನೋಡಿ ನನ್ನ ಕೈಯಾಗಿನ ಬೋಗುಣಿ ಕೆಳಗ ಬಿತ್ತು."

ಸಂಜೆ ಶ್ಯಾಮ ತಟ್ಟೆಯ ಮುಂದೆ ಕೂತ. ಊಟ ಮುಟ್ಟಲಿಲ್ಲ.

"ಅತ್ತಿ, ಕಂಪನಿ ಜೋಡಿ ಜಗಳಾಡಿ ಯಾರು ಉಳಿದಾರ? ಆ ಮಾರ್ತಾಂಡಪ್ಪ ನಿಮಗ ಏನಾಗಬೇಕು?"

"ಏನೂ ಆಗಬೇಕಾಗಿಲ್ಲಪ್ಪಾ."

"ಮತ್ತ?"

ರಾಧಾಬಾಯಿ ಅವನು ಮುಟ್ಟದ ತಟ್ಟೆಯನ್ನು ಇನ್ನಷ್ಟು ಹತ್ತಿರ ಸರಿಸಿದರು. ಇಂದೂ ಒಲೆಯ ಕಡೆ ಮುಖ ಮಾಡಿಕೊಂಡು ನಿಂತಿದ್ದಳು. ಮರುದಿನ ರಾಧಾಬಾಯಿ ರಾಯರ ಬಳಿ ಹೋಗಿ ಸಾಕ್ಷಿ ಹೇಳುತ್ತೇನೆ ಎಂದರು. ಅಂದಿನಿಂದ ವಿಚಾರಣೆಯ ದಿನದವರೆಗೆ ಅವರಿಗೆ ಸರಿಯಾದ ನಿದ್ದೆಯಿಲ್ಲ. ಬಾಗಿಲ ಸಂದಿಯಲ್ಲಿ ಗಾಳಿ ಬಂದರೂ ಕ್ವಾರ್ಟರ್ ಬಿಡಿಸಲು ಯಾರೋ ಬಂದರು ಎನಿಸುತ್ತಿತ್ತು. ಶ್ಯಾಮ ಡ್ಯೂಟಿಯಿಂದ ಬರುವುದು ತುಸು ತಡವಾದರೆ ಸಾಕು, ಅವನಿಗೇ ಏನೋ ಆಯಿತೆಂದು ಓಣಿಯ ತುದಿಗೆ ಹೋಗಿ ನಿಲ್ಲುತ್ತಿದ್ದರು.

ಕೋರ್ಟಿನಲ್ಲಿ ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದು ನಿಂತರು. ಕಂಪನಿಯ ವಕೀಲರು ಮೊದಲೇ ಕೇಳಿದರು: "ಕಂಪನಿಯ ಮೇಲೆ ನಿಮಗೇನು ದ್ವೇಷ?"

"ದ್ವೇಷ ಇಲ್ರಿ. ಅಂಜಿಕಿ ಅದ."

"ಯಾರ ಅಂಜಿಕೆ?"

"ನಿಮ್ಮದ ರೀ."

ಹಿಂದೆ ಯಾರೋ ನಕ್ಕರು. ರಾಧಾಬಾಯಿ ನಗಿಸಲು ಹೇಳಿರಲಿಲ್ಲ.  ಪಟ್ಟಿ ಎಳೆದದ್ದು, ಮಾರ್ತಾಂಡಪ್ಪ ಕಿರುಚಿದ್ದು, ಸಿಪಾಯಿ ಅದನ್ನೇ ಉತ್ತರವೆಂದು ಹೇಳಿದ್ದು, ಕಂಡಷ್ಟನ್ನೇ ಹೇಳಿದರು. ಅಂದೇ ಯಾಕೆ ಹೇಳಲಿಲ್ಲ ಎಂದು ಕೇಳಿದಾಗ, "ಹೊಟ್ಟಿಪಾಡು ರೀ," ಎಂದು ನೆಲ ನೋಡಿದರು.

ಮುಂದಿನ ಸಾಕ್ಷಿ ಕಂಪನಿಯದು. ಮುಕಾದಮ ಕೃಷ್ಣಾಜಿ. ನಿಲ್ಲು ಎಂದು ಕೂಗಿದೆ ಎಂದು ಹೇಳಲು ಅವನನ್ನು ತಯಾರು ಮಾಡಿ ತಂದಿದ್ದರು. ಅವನು ಪಗಡಿ ಸರಿಮಾಡಿಕೊಂಡು, ಕೂಗಿದ್ದು ಹೌದು ಎಂದ. ಬಿಂದುಮಾಧವರಾಯರು ಎದ್ದು ಒಂದೇ ಪ್ರಶ್ನೆ ಹಾಕಿದರು: "ಯಾವಾಗ ಕೂಗಿದಿರಿ?"

ಕೃಷ್ಣಾಜಿ ಕಂಪನಿಯವರ ಕಡೆ ನೋಡಿದ. ಆಮೇಲೆ ಗೋಡೆಯ ಪಕ್ಕ ಕೋಲಿಗೆ ಜೋತುಬಿದ್ದು ನಿಂತಿದ್ದ ಮಾರ್ತಾಂಡಪ್ಪನನ್ನು ನೋಡಿದ. ಪಗಡಿ ತೆಗೆದು ಕೈಯಲ್ಲಿ ಹಿಡಿದ. 

"ಗಾಲಿ ಹತ್ತಿದ ಮೇಲೆ," ಎಂದ. "ಡಬ್ಬಿ ಬಿಡುತ್ತೇವೆಂದು ನನಗೂ ಯಾರೂ ಹೇಳಿರಲಿಲ್ಲ ಸಾಹೇಬ್. ಅವನ ಮೇಲೆ ಹತ್ತಿದಾಗಲೇ ನಾನೂ ಕಂಡದ್ದು."

ತೀರ್ಪು ಮಾರ್ತಾಂಡಪ್ಪನ ಕಡೆ ಆಯಿತು. ಕಂಪನಿ ಪರಿಹಾರ ಕೊಡಬೇಕಾಯಿತು. ಈಗ ಅವನು ಸ್ಟೇಷನ್ನಿನ ಹೊರಗೆ ಎಲೆ ಅಡಿಕೆ ಮಾರಿಕೊಂಡಿದ್ದಾನೆ. ಡಬ್ಬಿಗಳು ತಾಗುವ ಸದ್ದು ಕೇಳಿದರೆ ಇಂದಿಗೂ ಇಲ್ಲದ ಕಾಲನ್ನು ಎಳೆದುಕೊಳ್ಳಲು ಹೋಗುತ್ತಾನೆ. ಕೃಷ್ಣಾಜಿಯ ಮುಕಾದಮಿಕೆ ಹೋಯಿತು, ಬುಟ್ಟಿ ಹೊರುವ ಆಳಾದ. ನಾಳೆಯಿಂದ ಬರಬೇಡಿ ಎಂದು ಆಸ್ಪತ್ರೆ ರಾಧಾಬಾಯಿಗೆ ಹೇಳಿತು. ಮರುವರ್ಷದ ಮಳೆಗಾಲ ಮುಗಿಯುವುದರೊಳಗೆ ಶ್ಯಾಮನಿಗೆ ಘಾಟಿನ ಕೆಳಗಿನ ಸಣ್ಣ ಊರೊಂದಕ್ಕೆ ವರ್ಗವಾಯಿತು. ಸಾಮಾನು ಗಾಡಿಗೆ ಹೇರಿದ ದಿನ ಅಳಿಯ ಒಂದು ಮಾತೂ ಆಡಲಿಲ್ಲ. ಇಂದೂ ಕಾಲಿಗೆರಗಿದಳು, ಮುಖ ನೋಡಲಿಲ್ಲ.

ರಾಧಾಬಾಯಿ ಮಂಗಳವಾರ ಪೇಠೆಯ ಚಾಳಿನಲ್ಲಿ ಒಂದು ಕೋಣೆ ಹಿಡಿದರು. ಹಗಲೆಲ್ಲ ಖಾನಾವಳಿಯೊಂದಕ್ಕೆ ಜೋಳದ ರೊಟ್ಟಿ ಬಡಿಯುತ್ತಾರೆ. ಬೆಳಗ್ಗೆ ಆಸ್ಪತ್ರೆಯ ಗೇಟು. ತಿಂಗಳಿಗೆ ನಾಲ್ಕೈದು ಮಂದಿಯನ್ನಾದರೂ ರಾಯರ ಮನೆಗೆ ಮುಟ್ಟಿಸುತ್ತಾರೆ. ಎಲ್ಲರೂ ಗೆಲ್ಲುವುದಿಲ್ಲ. ಕೆಲವರ ಹೆಬ್ಬೆಟ್ಟು ಮೊದಲೇ ಬಿದ್ದಿರುತ್ತದೆ, ಕೆಲವರು ಊರಿಗೆ ಓಡಿಹೋಗುತ್ತಾರೆ. ಒಮ್ಮೆ ಅವರ ಕೋಣೆಯ ಬಾಗಿಲಿಗೆ ಯಾರೋ ಕಲ್ಲು ಎಸೆದರು. ಆ ವಾರ ಮೂರು ದಿನ ಅವರು ಗೇಟಿಗೆ ಹೋಗಲಿಲ್ಲ. ನಾಲ್ಕನೆಯ ದಿನ ಹೋದರು. "ನನಗಿಂತ ಧೈರ್ಯದವರು ಸಿಕ್ಕಿದ್ರ ನಾ ಅವತ್ತ ಬಿಡತಿದ್ದೆ," ಎನ್ನುತ್ತಾರೆ. "ಯಾರೂ ಸಿಗಲಿಲ್ಲ." ಅವರ ಬಗ್ಗೆ ಬಿಂದುಮಾಧವರಾಯರನ್ನು ಕೇಳಿದರೆ, "ಕೋರ್ಟಿನಾಗ ವಾದ ಮಾಡೂದು ನನ್ನ ಕಸುಬು, ಮಾಡ್ತೀನಿ. ಆದ್ರ ಆ ಗೇಟಿನ್ಯಾಗ ನಿಂದ್ರು ಅಂದ್ರ ನನ್ನಿಂದ ಆಗಂಗಿಲ್ಲ," ಎಂದು ಕನ್ನಡಕ ಒರೆಸಿಕೊಳ್ಳುತ್ತಾರೆ.

ಈ ತಿಂಗಳು ಗಾಡಿಯ ಗಾರ್ಡ್ ಒಬ್ಬರ ಕೈಯಲ್ಲಿ ಇಂದೂ ಸುದ್ದಿ ಕಳಿಸಿದ್ದಾಳೆ. ದಿನ ತುಂಬುತ್ತಾ ಬಂದಿದೆ, ಬಾಣಂತನಕ್ಕೆ ನೀನೇ ಬಾ ಅವ್ವಾ ಎಂದಿದ್ದಾಳೆ. ರಾಧಾಬಾಯಿ ಇಲ್ಲದಾಗ ಅಂಬವ್ವ ಬೆಳಗಿನ ಗೇಟಿನ ಕೆಲಸ ನೋಡಿಕೊಳ್ಳಲು ಒಪ್ಪಿದ್ದಾಳೆ. ಖೊಬ್ಬರಿ, ಒಣ ಖರ್ಜೂರದ ಖಾರೀಕು, ಹಳೆಯ ಸೀರೆಯಿಂದ ಹೊಲಿದ ಕೌದಿ, ಎಲ್ಲ ಗಂಟು ಕಟ್ಟಿಯಾಗಿದೆ. ಹೊರಡುವ ಸಂತೋಷಕ್ಕಿಂತ ಅಲ್ಲಿಗೆ ಮುಟ್ಟಿದ ಮೇಲಿನ ದಿಗಿಲೇ ಅವರ ಮುಖದ ತುಂಬ ಇದೆ. ನಿಮಗೇನು ಆಸೆ ಎಂದು ಕೇಳಿದರೆ ಗಂಟಿನ ಮೇಲೆ ಕೈಯಿಟ್ಟುಕೊಂಡು ಹೇಳುತ್ತಾರೆ.

"ಶ್ಯಾಮ ಒಂದು ಮಾತು ಆಡಿದ್ರ ಸಾಕ್ರಿ. ಬೇಕಾದ್ರ ಬೈಲಿ. ಬೈಯೋರ್ನ ನಾ ಭಾಳ ಮಂದಿ ಕಂಡೀನಿ. ಬಾಯಿ ಮುಚ್ಚಿಕೊಂಡು ಕೂತ ಮನಷ್ಯಾನ್ನ ಕಂಡ್ರನ ನನಗ ಅಂಜಿಕಿ."